ಜಾಹೀರಾತು ಓಡಿಸುವವನ ಮನೆಯ ಎಮ್ಮೆ

ನನ್ನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಜಡ್ಡು ಬಿದ್ದಿದೆ. ಸಾಸಿವೆ ಕಾಳಿನಷ್ಟು ಇರಬಹುದು, ಒತ್ತಿದರೆ ನೋವೇನೂ ಇಲ್ಲ. ಜಡ್ಡು ಅಂದರೆ ನಮ್ಮ ಕಡೆ ಮರ್ಯಾದೆಯ ವಸ್ತು. ಅಪ್ಪನ ಅಂಗೈಯಲ್ಲಿ ಸಲಿಕೆಯ ಜಡ್ಡಿತ್ತು. ನಿಪ್ಪಾಣಿಯ ನಮ್ಮ ಸೋದರತ್ತೆಯ ಬೆರಳಲ್ಲಿ ಬೀಡಿ ಕಟ್ಟಿ ಕಟ್ಟಿ ಬಿದ್ದ ಜಡ್ಡಿತ್ತು, ಆ ಬೆರಳಿನಿಂದಲೇ ಆಕೆ ನಮ್ಮ ಗಲ್ಲ ಹಿಂಡುತ್ತಿದ್ದಳು. ನನ್ನದು ಟಿವಿ ರಿಮೋಟಿನ ಜಡ್ಡು. ಇನ್ನೂ ಬಿಡಿಸಿ ಹೇಳಬೇಕೆಂದರೆ, ಜಾಹೀರಾತು ಬಂದ ಕೂಡಲೇ ಮುಂದಕ್ಕೆ ಓಡಿಸುವ ಗುಂಡಿಯ ಜಡ್ಡು. ಕ್ಷೌರದಂಗಡಿಯವನು ಅದನ್ನು ನೋಡಿ, "ಏನ್ರಿ ಮಾಸ್ತರ, ಹೊಲದ ಕೆಲಸಾ ಚಾಲೂ ಮಾಡೀರೇನು?" ಎಂದು ಕೇಳಿದ. ನಾನು "ಹೂಂ" ಅಂದುಬಿಟ್ಟೆ.

ನಾನು ಮೊದಲಿನಿಂದಲೂ ಕಾಲ ಕೆಳಗೆ ಬೆಂಕಿ ಬಿದ್ದವನೇ. ಹುಟ್ಟುವಾಗಲೇ ಒಂದು ತಿಂಗಳು ಮುಂಚೆ ಬಂದೆನಂತೆ. ಮದುವೆಗೆ ಹೋದರೆ ಅಕ್ಷತೆ ಬೀಳುವ ಮೊದಲೇ ಊಟದ ಪಂಕ್ತಿ ಎಲ್ಲಿ ಎಂದು ನೋಡಿಟ್ಟುಕೊಳ್ಳುತ್ತೇನೆ. ರಾಯಬಾಗದ ಶಾಲೆಯಿಂದ ಸಂಜೆ ಬಸ್ಸು ಹತ್ತಿದರೆ, ನಮ್ಮೂರು ದಿಗ್ಗೇವಾಡಿ ಇನ್ನೂ ಎಷ್ಟೋ ದೂರ ಇರುವಾಗಲೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತೇನೆ. ಕಂಡಕ್ಟರ್ ದಿನಾ "ಕುಂದರ್ರಿ ಸರ, ಊರ ಎಲ್ಲೂ ಓಡಿ ಹೋಗಂಗಿಲ್ಲ" ಅನ್ನುತ್ತಾನೆ. ನಾನು ಕಲಿಸುವುದು ಗಣಿತ. ಕಪ್ಪು ಹಲಗೆಯ ಮೇಲೆ ಮೊದಲು ಉತ್ತರ ಬರೆದು, ಆಮೇಲೆ ಲೆಕ್ಕ ಬಿಡಿಸುತ್ತೇನೆ. ಹೆಂಡತಿ ಸುವರ್ಣಾಳ ದೂರು ಬೇರೆಯೇ. "ನಿಮ್ಮ ಮುಂದ ಮಾತಾಡಾಕ ಕುಂತ್ರ ಪೊಲೀಸ್ ಸ್ಟೇಶನ್ದಾಗ ಕುಂತಂಗ ಆಕ್ಕೈತ್ರಿ. ಒಂದ ಮಾತ ಮುಗಿಯೂದರಾಗ ಮುಂದ? ಮುಂದ? ಅಂತೀರಿ." ಇದನ್ನು ಆಕೆ ಪೂರ್ತಿ ಹೇಳಿ ಮುಗಿಸಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಅಷ್ಟರಲ್ಲಿ ಎದ್ದು ಹೋಗಿರುತ್ತೇನೆ.

ಇಂಥವನ ಕೈಗೆ ಕಳೆದ ದೀಪಾವಳಿಗೆ ಟಿವಿಗೆ ಜೋಡಿಸುವ ಆ ರೆಕಾರ್ಡಿಂಗ್ ಪೆಟ್ಟಿಗೆ ಸಿಕ್ಕಿತು. ಚಿಕ್ಕೋಡಿಯ ಅಂಗಡಿಯವನು ಅದನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಸವರಿದ. "ಏಕದಮ ಭಾರಿ ಐತ್ರಿ ಸರ. ನೀವು ಮನ್ಯಾಗ ಇರ್ರಿ, ಬಿಡ್ರಿ, ಅದರಷ್ಟಕ್ಕ ಅದು ರೆಕಾರ್ಡ್ ಮಾಡಿ ಇಡತೈತಿ. ನಡುವ ಅಡ್ವಟೈಜ್ ಬಂತಂದ್ರ ಈ ಗುಂಡಿ ಒತ್ರಿ, ಖತಂ!" ಆ 'ಖತಂ' ಕೇಳಿ ನನ್ನ ಎದೆ ತಂಪಾಯಿತು. ಇಷ್ಟು ವರ್ಷ ಸೋಪು, ಹಲ್ಲುಪುಡಿ, ಅಂಡರ್‌ವೇರುಗಳಿಗೆ ನಾನು ಕೊಟ್ಟ ಆಯುಷ್ಯ ನೆನೆದು ಸಿಟ್ಟೂ ಬಂತು. ಪೆಟ್ಟಿಗೆಯನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ.

ಅವ್ವ ದಿನಾ ಸಂಜೆ ನೋಡುವ ಅರ್ಧ ಗಂಟೆಯ ಧಾರಾವಾಹಿ ಹದಿನೆಂಟೇ ನಿಮಿಷಕ್ಕೆ ಮುಗಿಯತೊಡಗಿತು. ಉಳಿದ ಹನ್ನೆರಡು ನಿಮಿಷದಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ದಯವಿಟ್ಟು ಕೇಳಬೇಡಿ. ಅಂಗಳಕ್ಕೆ ಹೋಗುತ್ತಿದ್ದೆ, ಒಳಗೆ ಬರುತ್ತಿದ್ದೆ, ಮೊಬೈಲು ತೆಗೆದು ನೋಡಿ ಇಡುತ್ತಿದ್ದೆ, ಮತ್ತೆ ತೆಗೆಯುತ್ತಿದ್ದೆ. ಮುಂಜಾನೆಯ ಭಕ್ತಿಗೀತೆಯ ಕಾರ್ಯಕ್ರಮವನ್ನೂ ಬಿಡಲಿಲ್ಲ. ಹಿಂದಿನ ದಿನದ್ದನ್ನು ಹಿಡಿದಿಟ್ಟು, ನಡುವಿನ ಜಾಹೀರಾತು ಹಾರಿಸಿ, ದೇವರ ಹಿಂದೆ ದೇವರನ್ನು ಕೂಡಿಸಿ ಹಚ್ಚುತ್ತಿದ್ದೆ. ಅವ್ವ ಒಂದೆರಡು ದಿನ ನೋಡಿ, "ಇದೇನೋ ಮಲ್ಲೂ, ಉಸರ ಬಿಡಾಕ ಟೈಮ್ ಕೊಡವಲ್ದಲ್ಲೋ ಇದು" ಅಂದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಜಾಹೀರಾತು ಅಂದರೆ ನಮ್ಮ ಚಿಕ್ಕಂದಿನಲ್ಲಿ ಹೀಗೆ ಓಡಿಸುವ ವಸ್ತುವಾಗಿರಲಿಲ್ಲ. ಆಗ ಓಡುತ್ತಿದ್ದವರು ನಾವು. ನಮ್ಮ ಓಣಿಗೆಲ್ಲ ಒಂದೇ ಟಿವಿ, ಅದೂ ಬಾಗಿಲಿರುವ ಕಟ್ಟಿಗೆಯ ಕಪಾಟಿನೊಳಗೆ. ರವಿವಾರ ಸಿನೆಮಾದ ನಡುವೆ ಜಾಹೀರಾತು ಬಂತೆಂದರೆ ಅರ್ಧ ಓಣಿ ಎದ್ದು ಓಡುತ್ತಿತ್ತು. ನೀರು ಕುಡಿಯುವವರು, ಬಯಲಿಗೆ ಹೋಗುವವರು, ಒಲೆಯ ಮೇಲಿನ ಬೇಳೆ ತಿರುವಿ ಬರುವವರು. ಎಲ್ಲರೂ ತಿರುಗಿ ಬರುವಷ್ಟರಲ್ಲಿ ಜಾಗ ಬದಲಾಗಿ ಜಗಳ ಹತ್ತಿರುತ್ತಿತ್ತು. ಗಾಳಿ ಬೀಸಿ ಆಂಟೆನಾ ಸಾಂಗಲಿಯ ಕಡೆ ತಿರುಗಿದರೆ ಮರಾಠಿ ಬರುತ್ತಿತ್ತು, ಕನ್ನಡಕ್ಕಿಂತ ಸ್ವಚ್ಛವಾಗಿ. ಹೀಗಾಗಿ ಶಾಲೆಯ ಪದ್ಯ ಬಾಯಿಪಾಠವಾಗುವ ಮೊದಲೇ ನನಗೆ ಮರಾಠಿಯಲ್ಲಿ ಸೋಪು ಮಾರಲು ಬರುತ್ತಿತ್ತು.

ನಮ್ಮ ಮನೆಗೆ ಟಿವಿ ಬಂದದ್ದು ನಾನು ಹತ್ತನೆಯ ಇಯತ್ತೆಯಲ್ಲಿರುವಾಗ. ನಿಪ್ಪಾಣಿಯ ಸೋದರತ್ತೆಯ ಮನೆಯವರು ಹೊಸದು ಕೊಂಡು ಹಳೆಯದನ್ನು ನಮಗೆ ಕಳಿಸಿದ್ದರು. ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಹಳೆಯ ಕಾಲದ ಮನೆ. ಹೊರಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಹೊಸ್ತಿಲು, ಹೊಸ್ತಿಲ ಆಚೆ ಪಡಸಾಲೆ. ಟಿವಿ ಪಡಸಾಲೆಯಲ್ಲಿ. ಎಮ್ಮೆಗೆ ಟಿವಿ ಕಾಣುವುದಿಲ್ಲ, ಕೇಳುತ್ತದೆ. ಹೊಸ್ತಿಲ ಮೇಲೆ ನಿಂತವರಿಗೆ ಮಾತ್ರ ಈ ಕಡೆ ಟಿವಿ, ಆ ಕಡೆ ಎಮ್ಮೆ, ಎರಡೂ ಕಾಣುತ್ತವೆ.

ಅಲ್ಲಿ ನಿಲ್ಲುತ್ತಿದ್ದವನು ಅಪ್ಪ. ಕಬ್ಬಿಗೆ ನೀರು ಹಾಯಿಸಿ ಬಂದ ಹಸಿ ಕಾಲು, ಮೊಣಕಾಲವರೆಗೆ ಕೆಸರು. ಒಳಗೆ ಬಂದರೆ ಸಾರಿಸಿದ ನೆಲ ಕೆಡುತ್ತದೆ ಅಂತ ಹೊಸ್ತಿಲಲ್ಲೇ ನಿಂತು ಟಿವಿ ನೋಡುತ್ತಿದ್ದ, ಅದೂ ಜಾಹೀರಾತು ಮಾತ್ರ. ಧಾರಾವಾಹಿ ಶುರುವಾದರೆ ಕಾಲು ತೊಳೆಯಲು ಹೋಗಿಬಿಡುತ್ತಿದ್ದ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. "ಕಥಿ ನೋಡಿದ್ರ ನಾಳೆನೂ ನೋಡಬೇಕಾಕ್ಕೈತಿ. ಇದಾದ್ರ ನಿಂತ ಕಾಲಮ್ಯಾಲ ಮುಗಿತೈತಿ. ಮತ್ತ ಇದರಾಗ ಯಾರೂ ಅಳಂಗಿಲ್ಲ ನೋಡ" ಅಂದ.

ಅವ್ವನದು ತದ್ವಿರುದ್ಧ. ಆಕೆ ಧಾರಾವಾಹಿಗೆ ಕೂಡುತ್ತಿದ್ದಳು, ಜಾಹೀರಾತಿಗೆ ಏಳುತ್ತಿದ್ದಳು. ಗೋಡೆಯ ಮಾಡದಲ್ಲಿಟ್ಟ ಹಿತ್ತಾಳೆ ಚರಿಗೆ ತೆಗೆದು, ತೊಳೆದು, ಮೂರು ಮೆಟ್ಟಿಲು ಇಳಿದು ಎಮ್ಮೆ ಹಿಂಡುತ್ತಿದ್ದಳು. ಒಂದು ಜಾಹೀರಾತಿನಲ್ಲಿ ಎಮ್ಮೆಯ ಕೆಚ್ಚಲು ತೊಳೆದು ಹಾಲು ಇಳಿಸಿಕೊಳ್ಳುವುದು, ನಡುವೆ ಕಥೆಯನ್ನು ಕಿವಿಯಿಂದಲೇ ಕೇಳುತ್ತ ಹಿಂಡುವುದು, ಮುಂದಿನ ಜಾಹೀರಾತಿಗೆ ಚರಿಗೆ ಹಿಡಿದು ಮೇಲೆ ಬರುವುದು. ಹೊಸ್ತಿಲ ಮೇಲೆ ಅಪ್ಪ. ಅಜ್ಜಿ, ದೊಡ್ಡಪ್ಪ ಎಲ್ಲ ಇದ್ದ ಮನೆ, ಗಂಡಹೆಂಡತಿ ಹಿರಿಯರ ಎದುರು ಹಲ್ಲು ಕಿಸಿದು ಮಾತಾಡುವ ಪದ್ಧತಿ ಇರಲಿಲ್ಲ. ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ "ಎಷ್ಟ ಆತು?" ಅನ್ನುತ್ತಿದ್ದ. ಅವ್ವ ಚರಿಗೆಯನ್ನು ಅವನ ಕಡೆ ಒಂದಿಷ್ಟು ವಾಲಿಸಿ, "ನೊರಿ ಇಳೀಲಿ, ತಡೀರಿ" ಅನ್ನುತ್ತಿದ್ದಳು. ಬರೀ ಇಷ್ಟೇ. ನೊರೆ ಇಳಿಯುವವರೆಗೆ ಇಬ್ಬರೂ ಅಲ್ಲೇ ನಿಲ್ಲುತ್ತಿದ್ದರು, ಅಪ್ಪ ಸೋಪಿನ ಹುಡುಗಿಯನ್ನು ನೋಡುತ್ತ, ಅವ್ವ ಹಾಲನ್ನು ನೋಡುತ್ತ. ಅವರ ಸಂಸಾರದಲ್ಲಿ ನಾನು ಕೇಳಿದ್ದು ಅಷ್ಟೇ ಮಾತು.

ಅಪ್ಪ ಹೋಗಿ ಆರು ವರ್ಷ ಆಯಿತು. ಈಗಿನ ಎಮ್ಮೆ ಚಂದ್ರಿ, ಹಣೆಯ ಮೇಲೆ ಬಿಳಿ ಚುಕ್ಕೆ. ಹೋದ ವರ್ಷ ಅದರ ಕರು ಹತ್ತು ದಿನಕ್ಕೇ ಸತ್ತಿತು. ಕರು ಇಲ್ಲದ ಎಮ್ಮೆ ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ, ಎಲ್ಲ ಮೇಲೆಯೇ ಹಿಡಿದುಕೊಂಡು ನಿಲ್ಲುತ್ತದೆ. ಆಗ ಅವ್ವ ಅದರ ಪಕ್ಕ ದಿನಗಟ್ಟಲೆ ಕೂತು, ಬೆನ್ನು ನೀವಿ, ಶೇಂಗಾ ಹಿಂಡಿ ತಿನಿಸಿ, ಹೇಗೋ ಒಲಿಸಿಕೊಂಡಿದ್ದಳು. ಆಮೇಲೆ ಯಾವ ತೊಂದರೆಯೂ ಇರಲಿಲ್ಲ.

ತೊಂದರೆ ಬಂದದ್ದು ದೀಪಾವಳಿ ಮುಗಿದ ವಾರಕ್ಕೆ. "ಮಲ್ಲೂ, ಎಮ್ಮಿ ಹಾಲ ಇಳಸವಲ್ದು" ಅಂದಳು ಅವ್ವ. ಮೊದಲ ದಿನ ಅರ್ಧ ಚರಿಗೆ, ಮರುದಿನ ಕಾಲು, ಆಮೇಲೆ ಚರಿಗೆಯ ತಳ ಒದ್ದೆಯಾಗುವಷ್ಟು. ಸುವರ್ಣಾ ಮೆಣಸಿನಕಾಯಿ ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು. ನಾನು ಹಿಂಡಿ ಬದಲಾಯಿಸಿದೆ. ರಾಯಬಾಗದಿಂದ ದನದ ಡಾಕ್ಟರನ್ನು ಕರೆದು ತಂದೆ. ಅವರು ಜ್ವರ ನೋಡಿ, ಕೆಚ್ಚಲು ಒತ್ತಿ ನೋಡಿ, ರೋಗ ಇಲ್ಲ ಅಂದರು. ಹೋಗುವಾಗ, "ಎಮ್ಮಿ ಏನೋ ನೆನಸಾಕತ್ತೈತ್ರಿ. ಮನ್ಯಾಗ ಏನರ ಫರಕ್ ಆಗೇತೇನು?" ಎಂದು ಕೇಳಿದರು. ನಾನು ಯೋಚಿಸದೇ "ಏನೂ ಇಲ್ರಿ" ಅಂದೆ. ಆ ಹೊತ್ತಿಗೆ ನನ್ನ ಕೈಯಲ್ಲಿ ರಿಮೋಟು ಇತ್ತು ಎಂದು ಸುವರ್ಣಾ ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ.

ಎರಡು ವಾರ ಕಾದೆ. ನನ್ನ ಮಟ್ಟಿಗೆ ಅದು ತಪಸ್ಸು. ಮೂರನೆಯ ವಾರ ತೀರ್ಮಾನ ಮಾಡಿಬಿಟ್ಟೆ: ಅವ್ವನಿಗೂ ವಯಸ್ಸಾಯಿತು, ಕೈಯಲ್ಲಿ ಬಲ ಇಲ್ಲ, ಎಮ್ಮೆ ಮಾರೋಣ, ಹಾಲು ಪಾಕೀಟಿನಲ್ಲಿ ಬರುತ್ತದೆ. ಕುಡಚಿಯ ದಸ್ತಗೀರ ಸಾಹೇಬರಿಗೆ ಫೋನು ಮಾಡಿದೆ. ನಮ್ಮ ಮನೆಯ ದನ ಕೊಡುವುದು ತರುವುದು ಅಪ್ಪನ ಕಾಲದಿಂದಲೂ ಅವರ ಕೈಯಲ್ಲೇ. ರವಿವಾರ ಬರುತ್ತೇನೆ ಅಂದರು.

ಅವ್ವನಿಗೆ ಹೇಳಿದೆ. ಆಕೆ ಜಗಳ ಮಾಡಬಹುದು ಎಂದು ಉತ್ತರಗಳನ್ನೆಲ್ಲ ಮೊದಲೇ ಜೋಡಿಸಿಕೊಂಡಿದ್ದೆ. ಆಕೆ ಜಗಳ ಮಾಡಲಿಲ್ಲ. ತನ್ನ ಅಂಗೈ ತಿರುವಿ ನೋಡಿಕೊಂಡಳು.

"ಎಮ್ಮಿ ಹೋದ್ರ ಸಂಜಿಮುಂದ ನಾ ಯಾಕ ಏಳಬೇಕೋ?"

"ಏಳಬ್ಯಾಡಬೇ. ಆರಾಮ ಕುಂತು ಟಿವಿ ನೋಡು. ಅಡ್ವಟೈಜ್ ಇಲ್ದಂಗ ನಾ ಹಚ್ಚಿಕೊಡ್ತೀನಿ" ಅಂದೆ.

ಅವ್ವ ಎದ್ದು ಚಂದ್ರಿಯ ಹತ್ತಿರ ಹೋಗಿ ಮೆಟ್ಟಿಲ ಮೇಲೆ ಕೂತಳು. ಆ ಮಾತು ಆಡಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಆಗ ಮಾತ್ರ ನನ್ನ ಮಾತೃಭಕ್ತಿಗೆ ನಾನೇ ತಲೆದೂಗಿದ್ದೆ.

ರವಿವಾರ ಸಂಜೆ ದಸ್ತಗೀರ ಸಾಹೇಬರು ಬಂದರು. ಬಿಳಿ ಗಡ್ಡ, ಹೆಗಲ ಮೇಲೆ ಟವಲು. ಚಂದ್ರಿಯ ಸುತ್ತ ಒಂದು ಸುತ್ತು ಹಾಕಿದರು, ಬಾಯಿ ಬಿಡಿಸಿ ಹಲ್ಲು ನೋಡಿದರು. "ವಯಸ್ಸೇನ ಆಗಿಲ್ರಿ ಅವ್ವಾರ. ಇನ್ನಾ ನಾಕೈದ ಸೂಲ ಕರಾ ಹಾಕತೈತಿ" ಅಂದರು. ಕೂತು ಕೆಚ್ಚಲಿಗೆ ಕೈ ಹಚ್ಚಿದರು. ನೀವಿದರು, ಚುಚುಚು ಅಂದರು, ಮತ್ತೆ ನೀವಿದರು. ಚಂದ್ರಿ ಗೋಡೆಯನ್ನು ನೋಡುತ್ತ ನಿಂತಿತ್ತು. ನಾಲ್ಕು ಹನಿಯೂ ಬರಲಿಲ್ಲ. ಸಾಹೇಬರು ಎದ್ದು ತಲೆ ಅಲ್ಲಾಡಿಸಿದರು. ಅವ್ವ ಮೆಟ್ಟಿಲ ಮೇಲಿಂದ ಕದಲಲಿಲ್ಲ.

ಚಹಾ ಕುಡಿಯಲು ಪಡಸಾಲೆಗೆ ಬಂದು ಕೂತೆವು. "ಮಾಸ್ತರ, ಮ್ಯಾಚ್ ನಡದೈತಿ. ಜರಾ ಹಚ್ರಿ" ಅಂದರು ಸಾಹೇಬರು. ಹಚ್ಚಿದೆ. ಬಿಡಿ, ಅದು ನೇರಪ್ರಸಾರ, ಓಡಿಸಲು ಬರುವುದಿಲ್ಲ. ಓವರು ಮುಗಿದು ಜಾಹೀರಾತು ಬಂತು, ನನ್ನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಗುಂಡಿ ಒತ್ತಿತು. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಒಂದು ಚಹಾಪುಡಿಯ ಜಾಹೀರಾತು. ಕಪ್ಪಿಗೆ ಚಮಚ ಬಡಿದ ಹಾಗೆ ಟಿಣ್ ಟಿಣ್ ಅಂತ ಶುರುವಾಗಿ ಒಂದು ಕೊಳಲು ಬರುತ್ತದೆ. ನಾನು ತೊಡೆ ಅಲ್ಲಾಡಿಸುತ್ತ, ಗುಂಡಿ ಒತ್ತುತ್ತ, ಇದು ಯಾವಾಗ ಮುಗಿದೀತು ಎಂದು ಚಡಪಡಿಸುತ್ತಿದ್ದೆ.

"ಮಲ್ಲೂ!" ಎಂದು ಕೆಳಗಿನಿಂದ ಅವ್ವ ಕೂಗಿದಳು. "ಲಗೂ ಬಾರೋ!"

ಓಡಿದೆವು. ಚಂದ್ರಿ ಕಿವಿ ಎತ್ತಿ ಪಡಸಾಲೆಯ ಕಡೆ ಮುಖ ಮಾಡಿ ನಿಂತಿತ್ತು. ಕೆಚ್ಚಲು ಬಿಗಿದಿತ್ತು. ಯಾರೂ ಕೈ ಹಚ್ಚದೆ ನಾಲ್ಕೂ ಮೊಲೆಯಿಂದ ಹಾಲು ಟಪಟಪ ನೆಲಕ್ಕೆ ಬೀಳುತ್ತಿತ್ತು. ಅವ್ವ ಚರಿಗೆಗೆ ಹೋಗಿರಲಿಲ್ಲ. ಎರಡೂ ಅಂಗೈ ಕೂಡಿಸಿ ಕೆಳಗೆ ಹಿಡಿದು ಅಳುತ್ತಿದ್ದಳು.

ದಸ್ತಗೀರ ಸಾಹೇಬರು ಎಮ್ಮೆಯನ್ನು ನೋಡಿದರು, ಟಿವಿಯ ಕಡೆ ನೋಡಿದರು. ಐವತ್ತು ವರ್ಷ ದನದ ನಡುವೆ ಬಾಳಿದವರು, ಅವರಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. "ಅವ್ವಾರ, ನೀವು ಹಿಂಡಾಕ ಯಾವಾಗ ಏಳತಿದ್ರಿ?"

"ಅಡ್ವಟೈಜ್ ಬಂದಾಗ ಏಳತಿದ್ನೆಪಾ. ಮುಂಜಾನೆನೂ ಅದ, ಸಂಜಿಕೂ ಅದ. ಇದ ಚಾದ ಪುಡೀದು ಮೊದಲ ಬರತಿತ್ತು. ಈಗ ನಮ್ಮ ಮಾಸ್ತರ ಅದನ್ನ ಬರಗೊಡವಲ್ಲ."

ಸಾಹೇಬರು ಟವಲು ಬಾಯಿಗಿಟ್ಟುಕೊಂಡು ನಗತೊಡಗಿದರು. ಮೊಣಕಾಲು ಹಿಡಿದು ಮೆಟ್ಟಿಲ ಮೇಲೆ ಕೂತು ನಕ್ಕರು. "ಈ ಎಮ್ಮಿ ನಾ ಒಯ್ಯಂಗಿಲ್ರಿ ಮಾಸ್ತರ. ಒಯ್ದು ಯಾರಿಗರ ಮಾರಿದ್ರ, ಜೋಡಿ ಟಿವಿನೂ ಕೊಡಬೇಕಾಕ್ಕೈತಿ!" ಹೊರಡುವಾಗ ಮಾತ್ರ ನಗದೆ ಅವ್ವನಿಗೆ ಹೇಳಿದರು: "ಕರಾ ಇಲ್ಲದ್ದು ಪಾಪ. ಆ ಅಡ್ವಟೈಜ್ ಸಪ್ಪಳಾನ ಕರಾ ಅಂತ ತಿಳದೈತಿ."

ನೀವು ಇಲ್ಲಿಗೆ ನನಗೆ ಬುದ್ಧಿ ಬಂತು ಎಂದು ತಿಳಿದರೆ ನನ್ನನ್ನು ಇನ್ನೂ ಸರಿಯಾಗಿ ಪರಿಚಯ ಮಾಡಿಕೊಂಡಿಲ್ಲ. ಮರುದಿನವೇ ನಾನು ಆ ಚಹಾಪುಡಿಯ ಸಂಗೀತವನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ. ಧಾರಾವಾಹಿಯನ್ನು ಎಂದಿನಂತೆ ಹದಿನೆಂಟು ನಿಮಿಷಕ್ಕೆ ಮುಗಿಸಿ, ನೇರ ಚಂದ್ರಿಯ ಕಿವಿಯ ಹತ್ತಿರ ಹೋಗಿ ಮೊಬೈಲು ಹಚ್ಚಿದೆ. ಟಿಣ್ ಟಿಣ್. ಕೊಳಲು. ಚಂದ್ರಿ ಒಮ್ಮೆ ನನ್ನನ್ನು ನೋಡಿತು. ಶಾಲೆಯಲ್ಲಿ ದಡ್ಡ ಉತ್ತರ ಹೇಳಿದ ಹುಡುಗನನ್ನು ನಾನು ನೋಡುವುದು ಹಾಗೆಯೇ. ಎರಡನೆಯ ಸಲ ಹಚ್ಚಿದೆ, ಮೂರನೆಯ ಸಲ ಹಚ್ಚಿದೆ. ತಲೆ ಕೊಡವಿ ನನ್ನ ಕನ್ನಡಕ ಬೀಳಿಸಿತು.

ಅವ್ವ ಮೇಲಿಂದ ನೋಡುತ್ತಿದ್ದಳು. "ಹಂಗಲ್ಲೋ ತಮ್ಮಾ. ಮೊದಲ ಕಥಿ ನಡೀಬೇಕು. ಆಮ್ಯಾಲ ಅಡ್ವಟೈಜ್ ಬರಬೇಕು. ಆಮ್ಯಾಲ ನಾ ಏಳಬೇಕು. ನನ್ನ ಮೊಣಕಾಲ ಕಟ್ ಅನ್ನಬೇಕು. ಚರಿಗಿ ತಗದದ್ದು ತೊಳದದ್ದು ಅದಕ್ಕ ಕೇಳಬೇಕು. ಮೂರ ಮೆಟ್ಟಲಾ ನಾ ಇಳಿಯೂ ತನಕಾ ಅದು ಹಾದಿ ನೋಡಬೇಕು. ಆಗ ಇಳಸತೈತಿ. ನಿನ್ನಿ ಪಡಸಾಲ್ಯಾಗ ಟಿವಿ ನಡದಿತ್ತು, ನಾ ಬಾಜೂಕ ಇದ್ನಿ, ಅದಕ್ಕ ಇಳಸ್ತು. ನೀ ಒಮ್ಮೆಲೆ ಕಿವ್ಯಾಗ ಬಂದು ಒದರಿದ್ರ ಅದಾದ್ರೂ ಏನ ಮಾಡಬೇಕು?"

ಹೀಗೆ ನಮ್ಮ ಮನೆಗೆ ಜಾಹೀರಾತು ತಿರುಗಿ ಬಂತು. ರಿಮೋಟನ್ನು ಸುವರ್ಣಾ ದೇವರ ಜಗಲಿಯ ಮೇಲಿಟ್ಟಳು, ಸ್ನಾನ ಮಾಡದೆ ಮುಟ್ಟುವ ಹಾಗಿಲ್ಲ. ಸಂಜೆ ಏಳಕ್ಕೆ ಎಲ್ಲರ ಜೊತೆ ಕೂತೆ. ಕಥೆ ನಡೆಯಿತು, ಜಾಹೀರಾತು ಬಂತು. ಖಾಲಿ ಕೈಯಲ್ಲಿ ನನ್ನ ಹೆಬ್ಬೆರಳು ತೋರುಬೆರಳನ್ನು ಒತ್ತುತ್ತಲೇ ಇತ್ತು. ಚಹಾಪುಡಿ ಮುಗಿದು ಸಿಮೆಂಟು ಬಂತು, ಸಿಮೆಂಟು ಮುಗಿದು ಮೈಸೋಪು ಬಂತು. ಕಾಲು ನಿಲ್ಲಲಿಲ್ಲ, ಎದ್ದೆ. ಒಳಗೆ ಹೋದರೆ ಸುವರ್ಣಾ ಬೈಯುತ್ತಾಳೆ, ಕೆಳಗೆ ಹೋದರೆ ಚಂದ್ರಿ ಬೆದರುತ್ತದೆ. ಎಲ್ಲಿಯೂ ಹೋಗಲಾಗದೆ ಹೊಸ್ತಿಲ ಮೇಲೆ ನಿಂತೆ. ಈ ಕಡೆ ಟಿವಿ ಕಂಡಿತು, ಆ ಕಡೆ ಎಮ್ಮೆ ಕಂಡಿತು. ಚರಿಗೆಗೆ ಹಾಲಿನ ಧಾರೆ ಬೀಳುವ ಸಪ್ಪಳ ಮೊದಲು ಟಣಟಣ ಇದ್ದದ್ದು ಆಮೇಲೆ ತುಂಬುತ್ತ ಮೆತ್ತಗಾಯಿತು. ಎಷ್ಟು ವರ್ಷವಾಗಿತ್ತೋ ಅದನ್ನು ಕೇಳಿ.

ಎರಡನೆಯ ಜಾಹೀರಾತಿಗೆ ಅವ್ವ ಮೆಟ್ಟಿಲು ಹತ್ತಿ ಬಂದಳು. ಹೊಸ್ತಿಲ ಹತ್ತಿರ ನಿಂತಳು. ಇದು ಹೊಸದೇನೂ ಅಲ್ಲ. ಅಪ್ಪ ಹೋದ ಮೇಲೂ ಆಕೆ ದಿನಾ ಹಾಲು ಹಿಂಡಿ ಬರುವಾಗ ಇಲ್ಲೊಂದು ಗಳಿಗೆ ನಿಲ್ಲುತ್ತಿದ್ದಳು. ಮೆಟ್ಟಿಲು ಹತ್ತಿ ಮೊಣಕಾಲು ನೋಯುತ್ತದೆ ಎಂದು ತಿಳಿದು ನಾನು ಚಿಕ್ಕೋಡಿಯಿಂದ ಎಣ್ಣೆಯ ಬಾಟಲಿ ತಂದುಕೊಟ್ಟಿದ್ದೆ. ಆಕೆ ಅದರ ಮುಚ್ಚಳ ಕೂಡ ತೆಗೆದಿರಲಿಲ್ಲ. ಅಷ್ಟು ಹತ್ತಿರದಿಂದ ಈಗ ಮೊದಲ ಸಲ ನೋಡಿದೆ. ಅವ್ವ ಮೊಣಕಾಲು ಹಿಡಿದುಕೊಂಡಿರಲಿಲ್ಲ. ಎರಡೂ ಕೈಯಲ್ಲಿ ಚರಿಗೆ ಹಿಡಿದಿದ್ದಳು, ಅದನ್ನು ನಾನು ನಿಂತ ಕಡೆಗೆ ಒಂದಿಷ್ಟು ವಾಲಿಸಿದ್ದಳು. ಆರು ವರ್ಷ ಇಲ್ಲಿ ಯಾರೂ ನಿಂತಿರಲಿಲ್ಲ. ಆರು ವರ್ಷ ಆಕೆ ವಾಲಿಸುತ್ತಲೇ ಇದ್ದಳು.

ಟಿವಿಯಲ್ಲಿ ಯಾರೋ ಹಲ್ಲು ತೋರಿಸಿ ನಗುತ್ತಿದ್ದರು, ನಾನು ಅದರಿಂದ ಕಣ್ಣು ತೆಗೆಯದೆ ಕೇಳಿದೆ:

"ಎಷ್ಟ ಆತ್ಬೇ?"

ಅವ್ವ ಚರಿಗೆಯನ್ನು ಇನ್ನಷ್ಟು ನನ್ನ ಹತ್ತಿರ ತಂದಳು.

"ನೊರಿ ಇಳೀಲಿ, ತಡಿ" ಅಂದಳು.

ಒಳಗೆ ಕಥೆ ಮುಂದುವರಿಯಿತು, ಸುವರ್ಣಾ ಕರೆದಳು. ನಾನು ತಡೆದು ನಿಂತೆ.